ಅಡುಗೆಮನೆಗೆ ಬಂದ ಪ್ರೊಪೆಲರ್

ಮಗ ಊಟಕ್ಕೆ ಕೂತನೇ ಹೊರತು ತಟ್ಟೆಗೆ ಕೈ ಹಚ್ಚಲಿಲ್ಲ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಒಂದು ಮಾರು ಅಪ್ಪ,” ಎಂದ. “ಇನ್ನೊಂದು ಮಾರು ಸರಿದಿದ್ರೆ ದೋಣಿ ಕಲ್ಲಿಗೆ ಬಡೀತಿತ್ತು. ಮೇಲೆ ಹನ್ನೊಂದು ಜನ ಇದ್ರು.”

ಮೇಸ್ತ್ರಿ ಅನ್ನ ಕಲೆಸುವುದನ್ನು ನಿಲ್ಲಿಸಿದ. “ಹಾಯಿಗೆ ಏನಾಗಿತ್ತು?”

“ಗಾಳಿ ಪೂರ್ತಿ ಬಿದ್ದುಹೋಗಿತ್ತು. ಬಂದರಿನ ಬಾಯಲ್ಲಿ ಇಂಜಿನ್ ಹಾಕ್ದೆ. ಇಂಜಿನ್ ಕಿರುಚ್ತಾ ಇದೆ, ದೋಣಿ ಇದ್ದಲ್ಲೇ ಇದೆ. ಸೆಳೆತ ನಮ್ಮನ್ನ ತಡೆಗೋಡೆ ಕಡೆಗೆ ತಳ್ತಾ ಇದೆ. ಮೀನುದೋಣಿಯವರು ಹಗ್ಗ ಎಸೆದಿದ್ದಕ್ಕೆ ಈಗ ನಿಮ್ಮ ಮುಂದೆ ಕೂತಿದೀನಿ.”

ತಾಯಿ ಸಾರಿನ ಸೌಟು ಹಿಡಿದು ಹಾಗೇ ನಿಂತಳು. ಸೊಸೆ ಮಾತ್ರ ಎದ್ದು, ಬಾಗಿಲ ಹಿಂದೆ ನೇತುಹಾಕಿದ್ದ ಮುಳುಗುವ ಉಡುಪನ್ನು ಕೆಳಗಿಳಿಸಿದಳು.

ಆ ಮನೆಯಲ್ಲಿ ನಾಲ್ಕೇ ಜನ. ನಾಲ್ವರ ಹೊಟ್ಟೆಯೂ ಒಂದೇ ಹಾಯಿದೋಣಿಯ ಮೇಲೆ ನಿಂತಿತ್ತು. ಮಗ ಅದರ ಚುಕ್ಕಾಣಿ ಹಿಡಿದು ದೀಪಸ್ತಂಭದ ನಡುಗಡ್ಡೆ ನೋಡಲು ಬಂದವರನ್ನು ಕರೆದೊಯ್ದು ಕರೆತರುತ್ತಿದ್ದ. ಸೊಸೆ ಬಂದರಿನಲ್ಲಿ ನೀರಿಗಿಳಿದು ದೋಣಿಗಳ ತಳ ಕೆರೆಯುವ ಕೆಲಸದವಳು. ಮೇಸ್ತ್ರಿಗೆ ವಯಸ್ಸಾಗಿ ಮಿಕ್ಕ ಕೆಲಸಗಳೆಲ್ಲ ಒಂದೊಂದಾಗಿ ಕೈಬಿಟ್ಟಿದ್ದವು, ಒಂದು ಮಾತ್ರ ಉಳಿದಿತ್ತು. ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆತ್ತಿದಾಗ ಅದರ ತಳದ ಪ್ರೊಪೆಲರ್‌ಗೂ ಅದನ್ನು ತಿರುಗಿಸುವ ದಂಡವಾದ ಶಾಫ್ಟಿಗೂ ಬಣ್ಣ ಹಚ್ಚುವುದು ಅವನೇ. ಇನ್ನು ತಾಯಿ. ಬೀದಿಯವರು ಆಕೆಗೆ ಒರೆಸಮ್ಮ ಎಂದು ಹೆಸರಿಟ್ಟಿದ್ದರು. ಹೆಗಲ ಮೇಲೆ ಸದಾ ಒಂದು ಬಟ್ಟೆ. ಬಂದವರು ಎದ್ದು ಹೋಗುವ ಮುಂಚೆಯೇ ಅವರು ಕೂತಿದ್ದ ಕುರ್ಚಿ ಒರೆಸುವ ಜಾತಿ.

ಉಪ್ಪುನೀರಿನಲ್ಲಿ ಮುಳುಗಿದ ಯಾವುದನ್ನೂ ಬಾರ್ನಕಲ್ ಚಿಪ್ಪು ಬಿಡುವುದಿಲ್ಲ. ಸಾಸಿವೆಯಷ್ಟಿರುವಾಗ ಬಂದು ಕೂರುತ್ತದೆ, ತಿಂಗಳೊಪ್ಪತ್ತಿನಲ್ಲಿ ಕಲ್ಲಾಗುತ್ತದೆ. ಪ್ರೊಪೆಲರ್ ಮೇಲೆ ಕೂತರಂತೂ ಅದು ನೀರನ್ನು ತಳ್ಳುವುದಿಲ್ಲ, ಸುಮ್ಮನೆ ಕಲಕುತ್ತದೆ. ಇದಕ್ಕೆ ಮೇಸ್ತ್ರಿಯ ಮದ್ದು ಜಾರುಬಣ್ಣ. ಒಣಗಿದ ಮೇಲೂ ಸಾಬೂನು ಸವರಿದ ಹಾಗೆ ನುಣುಪಾಗಿರುವ ಆ ಬಣ್ಣದ ಮೇಲೆ ಚಿಪ್ಪಿಗೆ ಕಾಲೂರಲು ಆಗದು. ಆದರೆ ಲೋಹ ಚೊಕ್ಕಟವಾಗಿದ್ದರೆ ಮಾತ್ರ ಬಣ್ಣ ಹಿಡಿಯುತ್ತದೆ. ದೋಣಿ ಎತ್ತುವ ಅಂಗಳದಲ್ಲಿ ಮರಳು, ಮರದ ಹೊಟ್ಟು ಹಾರಾಡುತ್ತವೆ. ಬಿಚ್ಚಲಾಗದ ಶಾಫ್ಟಿಗೆ ಅಲ್ಲೇ ತಾಡಪಾಲು ಕಟ್ಟಿ ಹಚ್ಚುತ್ತಿದ್ದ. ಪ್ರೊಪೆಲರನ್ನು ಮಾತ್ರ ಬಿಚ್ಚಿ ಮನೆಗೆ ತಂದು ಅಡುಗೆಮನೆಯ ಟೇಬಲ್ ಮೇಲೆ ಕೂರಿಸುತ್ತಿದ್ದ. “ಈ ಊರಲ್ಲಿ ಧೂಳಿಲ್ಲದ ಜಾಗ ಅಂದ್ರೆ ನನ್ನ ಹೆಂಡತಿಯ ಅಡುಗೆಮನೆ,” ಎಂದು ಅಂಗಳದವರ ಮುಂದೆ ಹೇಳಿಕೊಳ್ಳುತ್ತಿದ್ದ. ಹೆಂಡತಿಯ ಬಗ್ಗೆ ಅವನು ಬಾಯಿಬಿಟ್ಟು ಹೇಳುತ್ತಿದ್ದ ಒಳ್ಳೆಯ ಮಾತು ಅದೊಂದೇ.

ಸಂಜೆಗೆ ಸೊಸೆ ಒದ್ದೆ ಕೂದಲಲ್ಲೇ ಬಂದು ಒಂದು ಚೀಲ ಟೇಬಲ್ ಮೇಲೆ ಸುರಿದಳು. ಬಿಳಿ ಚಿಪ್ಪುಗಳ ರಾಶಿ. ನಡುವೆ ಸಿಪ್ಪೆಯಂತೆ ಸುಲಿದು ಬಂದ ಬಣ್ಣದ ಪಟ್ಟಿಗಳು.

“ಫ್ಯಾನಿನ ಮೂರು ರೆಕ್ಕೆ ಮೇಲೂ ಬೆಳೆದಿದೆ ಮಾವ. ಬಣ್ಣ ಉಗುರಿನಲ್ಲಿ ಎತ್ತಿದ್ರೆ ಹಾಳೆ ಹಾಳೆಯಾಗಿ ಬರುತ್ತೆ.” ಪ್ರೊಪೆಲರಿಗೆ ಆ ಮನೆಯಲ್ಲಿ ಫ್ಯಾನು ಎಂದೇ ಹೆಸರು.

“ಶಾಫ್ಟು?”

“ಶಾಫ್ಟು ಕನ್ನಡಿ ಹಾಗಿದೆ. ಒಂದೂ ಚಿಪ್ಪಿಲ್ಲ.”

ಮೇಸ್ತ್ರಿ ಬಣ್ಣದ ಪಟ್ಟಿಯೊಂದನ್ನು ಕಣ್ಣಿಗೆ ಹತ್ತಿರ ಹಿಡಿದ. “ದೋಣಿ ಹತ್ತು ದಿನ ಕಟ್ಟಿಹಾಕಿದ್ದೆ ಅಲ್ವಾ ನೀನು? ನಿಂತ ದೋಣಿಗೆ ಚಿಪ್ಪು ಹತ್ತದೆ ಇರುತ್ತಾ?”

“ಶಾಫ್ಟೂ ಅಲ್ಲೇ ನಿಂತಿತ್ತಲ್ಲಪ್ಪ!” ಮಗ ದನಿ ಏರಿಸಿದ. “ಅದೇ ಡಬ್ಬಿ, ಅದೇ ದಿನ, ಅದೇ ಕೈ. ಆರು ವಾರ ಕೂಡ ಆಗಿಲ್ಲ.”

“ನಾನು ನೀರು ಹಾಕಿ ನೋಡಿಯೇ ಹಚ್ಚಿದ್ದು.”

“ನೋಡಿದ್ರಿ. ಕಾಣಿಸ್ತಾ?”

ಮಾತು ಬಾಯಿಂದ ಬಿದ್ದ ಮೇಲೆ ಮಗನಿಗೇ ಹೆಚ್ಚಾಯಿತೆನಿಸಿತು. ಆದರೂ ಹಿಂದೆಗೆದುಕೊಳ್ಳಲಿಲ್ಲ. “ಮೊನ್ನೆ ಸೂಜಿಗೆ ದಾರ ಪೋಣಿಸೋಕೆ ಅಮ್ಮನನ್ನ ಕರೆದ್ರಿ. ಕಾಫಿ ಲೋಟ ಹಿಡಿದ್ರೆ ಕೈ ನಡುಗುತ್ತೆ. ಇದನ್ನ ನಾನು ಹೇಳ್ಬಾರದು, ಆದ್ರೆ ಹನ್ನೊಂದು ಜನರ ಜೀವ ಅಪ್ಪ.”

“ಫ್ಯಾನು ನಮ್ಮ ಅಡುಗೆಮನೇಲಿ ತಾನೇ ಇತ್ತು,” ತಾಯಿ ನಡುವೆ ಬಂದಳು. ಗಂಡನ ಪರವಾಗಿ ಏನಾದರೂ ಹೇಳಬೇಕಿತ್ತು. “ಒಂದು ಚೂರು ಧೂಳು ಕೂರೋಕೆ ಬಿಟ್ಟಿಲ್ಲ ನಾನು.”

“ನೀನು ಸುಮ್ನಿರೇ, ನಿನಗೇನು ಗೊತ್ತು!” ಎಂದು ಮೇಸ್ತ್ರಿ ಎದ್ದು ಕೈತೊಳೆಯಲು ಹೋದ.

ಮುಂದಿನ ಮೂರು ವಾರ ಆ ಮನೆಯಲ್ಲಿ ಪಾತ್ರೆಗಳ ಸದ್ದೇ ಹೆಚ್ಚು, ಮಾತು ಕಡಿಮೆ. ದೋಣಿ ಎತ್ತುವ ಯಂತ್ರಕ್ಕೆ ಸರದಿ ಸಿಕ್ಕಿದ್ದು ಮೂರನೆಯ ಗುರುವಾರಕ್ಕೆ. ಅಲ್ಲಿಯವರೆಗೆ ಸೊಸೆ ನಾಲ್ಕು ದಿನಕ್ಕೊಮ್ಮೆ ನೀರಿಗಿಳಿದು ಪ್ರೊಪೆಲರ್ ಕೆರೆಯುತ್ತಿದ್ದಳು. ಚಿಪ್ಪು ಕುಯ್ದು ಬೆರಳ ತುದಿಗಳೆಲ್ಲ ಗಾಯ. ಊಟದ ಹೊತ್ತಿಗೆ ಖಾರ ತಾಕಿ ಉರಿಯುತ್ತಿತ್ತು, ಆಕೆ ಚಮಚದಲ್ಲಿ ತಿನ್ನತೊಡಗಿದಳು.

“ದೋಣಿ ಎತ್ತೋ ಗುರುವಾರ ಆಚೆ ದಂಡೆಯ ವರ್ಕ್‌ಶಾಪಿನವನು ವ್ಯಾನು ತಗೊಂಡು ಬರ್ತಾನೆ,” ಎಂದು ಮಗ ಒಂದು ಬೆಳಿಗ್ಗೆ ಗೋಡೆಗೆ ಹೇಳುವವನಂತೆ ಹೇಳಿದ. “ಫ್ಯಾನು ಅವನೇ ಒಯ್ದು ಹಚ್ಚಿ ಕೊಡ್ತಾನೆ. ಇನ್ಮೇಲೆ ಪ್ರತಿ ವರ್ಷ ಅವನೇ.”

ಮೇಸ್ತ್ರಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. “ಅವನು ನೀರು ಹಾಕಿ ನೋಡ್ತಾನಾ?”

“ಅವನಿಗೆ ಗೊತ್ತಿರುತ್ತೆ.”

“ನೀರು ಹಾಕಿ ನೋಡೋದು ಅಂದ್ರೇನು?” ಎಂದು ತಾಯಿ ಕೇಳಿದಳು. ಮೇಸ್ತ್ರಿ ಉತ್ತರ ಕೊಡದೆ ಎದ್ದು ಹೋದ. ಮಗನೂ ಹೊರಟ. ಪಾಪ, ಆಕೆ ಕೇಳಿದ್ದಕ್ಕೆ ಉತ್ತರ ಹೇಳುವವರು ಆ ಮನೆಯಲ್ಲಿ ಸೊಸೆ ಒಬ್ಬಳೇ.

“ಉಜ್ಜಿ ತೊಳೆದ ಮೇಲೆ ಲೋಹದ ಮೇಲೆ ನೀರು ಸುರೀತಾರೆ ಅತ್ತೆ. ನೀರು ಹಾಳೆ ಹಾಸಿದ ಹಾಗೆ ಹರಡಿದ್ರೆ ಚೊಕ್ಕಟ ಆಗಿದೆ ಅಂತ. ಮುತ್ತು ಮುತ್ತಾಗಿ ನಿಂತ್ರೆ ಇನ್ನೂ ಎಣ್ಣೆ ಪಸೆ ಇದೆ ಅಂತ. ಎಣ್ಣೆ ಪಸೆ ಇದ್ರೆ ಬಣ್ಣ ಹಿಡಿಯಲ್ಲ, ಮೇಲೆ ಕೂತಿರುತ್ತೆ ಅಷ್ಟೆ. ಶಾಫ್ಟಿನದ್ದು ಹಿಡಿದಿದೆ, ಫ್ಯಾನಿನದ್ದು ಹಿಡಿದಿಲ್ಲ. ಅದೇ ನನಗೆ ಅರ್ಥ ಆಗ್ತಿಲ್ಲ.”

“ಎಷ್ಟು ಪಸೆ ಇದ್ರೆ?”

“ಬೆರಳು ತಾಕಿದಷ್ಟು ಸಾಕು.”

ಸೊಸೆಯೂ ಕೆಲಸಕ್ಕೆ ಹೋದಳು. ತಾಯಿ ಎಂಜಲು ತಟ್ಟೆಗಳನ್ನು ತೊಳೆದು, ಹೆಗಲ ಬಟ್ಟೆ ತೆಗೆದು ಒಂದೊಂದೇ ಒರೆಸಿ ಜೋಡಿಸಿದಳು. ಕೊನೆಯ ತಟ್ಟೆ ಕೈಯಲ್ಲಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಲ್ಲಿಯ ಕೆಳಗೆ ಹಿಡಿದಳು. ನೀರು ಮುತ್ತು ಮುತ್ತಾಗಿ ನಿಂತು ಅಂಚಿನತ್ತ ಉರುಳಿತು.

ಆ ದಿನ ಕಣ್ಣ ಮುಂದೆ ಬಂತು. ಮೇಸ್ತ್ರಿ ಬೆಳಿಗ್ಗೆಯಿಂದ ಪ್ರೊಪೆಲರ್ ಉಜ್ಜಿ, ಸ್ಪಿರಿಟ್ ಹಾಕಿ ತೊಳೆದು, ಅದೇನೋ ನೀರು ಸುರಿದು ತೃಪ್ತಿಯಿಂದ ತಲೆಯಾಡಿಸಿ, ಒಣಗಲು ಬಿಟ್ಟಿದ್ದ. ಆಮೇಲೆ ನೋಡಿದರೆ ಬ್ರಷ್ಷಿನ ಕೂದಲು ಗಟ್ಟಿಯಾಗಿ ಹೋಗಿತ್ತು. “ಅದನ್ನ ಮುಟ್ಟಬೇಡ,” ಎಂದು ಹೇಳಿ ಹೊಸದು ತರಲು ಅಂಗಡಿಗೆ ಹೋಗಿದ್ದ. ಆಕೆ ಮೀನು ಕರಿದು ಮುಗಿಸಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕಿಟಕಿಯಿಂದ ಗಾಳಿ ಬೀಸಿ ಹಿಟ್ಟು ಹಾರಿತು. ಹಳದಿ ಲೋಹದ ಮೇಲೆ ಬೆಳ್ಳಗೆ ಕೂತಿತು. ಬಂದು ನೋಡಿದರೆ ಬೈಯುತ್ತಾನಲ್ಲ ಎಂದು ಹೆದರಿ ಹೆಗಲ ಬಟ್ಟೆಯಿಂದ ಮೂರು ರೆಕ್ಕೆಗಳನ್ನೂ ಚೆನ್ನಾಗಿ, ಸಂದುಗೊಂದು ಬಿಡದೆ, ಒರೆಸಿದ್ದಳು. ಮುಟ್ಟಬೇಡ ಎಂದಿದ್ದನಲ್ಲ, ಅದಕ್ಕೇ ಕೈ ತಾಗದಂತೆ ಬಟ್ಟೆಯಲ್ಲಿ ಹಿಡಿದಿದ್ದಳು.

ಬಟ್ಟೆಯನ್ನು ಮೂಗಿಗೆ ಹಿಡಿದಳು. ಎಷ್ಟು ಒಗೆದರೂ ಹೋಗದ ಕರಿದೆಣ್ಣೆಯ ವಾಸನೆ.

ಹೇಳಿಬಿಡಬೇಕೆಂದು ಆ ಸಂಜೆ ಬಾಗಿಲಲ್ಲಿ ಕಾದಳು. ಗಂಡ ಬಂದವನು ಚಪ್ಪಲಿ ಬಿಡುವಾಗಲೇ ಮಗನೊಡನೆ ಜಗಳ ಹತ್ತಿತು. ಮಗ ಶಾಫ್ಟಿನ ಕೆಲಸವನ್ನೂ ವರ್ಕ್‌ಶಾಪಿನವನಿಗೇ ಒಪ್ಪಿಸಿದ್ದಾನೆಂದು ಅಂಗಳದಲ್ಲಿ ಯಾರೋ ಹೇಳಿದ್ದರು.

“ಶಾಫ್ಟು ಏನು ತಪ್ಪು ಮಾಡಿತ್ತೋ?”

“ಎರಡೂ ಒಬ್ಬನೇ ಮಾಡ್ಲಿ ಅಂತ.”

“ಊರವರ ಬಾಯಿಂದ ಕೇಳ್ಬೇಕಾಯ್ತಲ್ಲ ನಾನು!”

“ನಿಮಗೆ ಹೇಳಿದ್ರೆ ಹೀಗೇ ಆಗುತ್ತಲ್ಲ, ಅದಕ್ಕೇ ಹೇಳ್ಲಿಲ್ಲ.”

ತಾಯಿ ಬಾಯಿಗೆ ಬಂದ ಮಾತು ನುಂಗಿಕೊಂಡು ಅಡುಗೆಮನೆಗೆ ಹೋದಳು. ಈಗ ಹೇಳಿದರೆ ಇಬ್ಬರೂ ಸೇರಿ ತನ್ನ ಮೇಲೆ ಬೀಳುತ್ತಾರೆ, ನಾಳೆ ಹೇಳೋಣ ಎಂದುಕೊಂಡಳು. ಮಾರನೆಯ ದಿನ ಮಗ ಬೇಗ ಹೋದ. ಅದರ ಮಾರನೆಯ ದಿನ ಗಂಡ ಊಟ ಬೇಡವೆಂದ. ಹನ್ನೊಂದು ಜನ, ಹನ್ನೊಂದು ಜನ ಎಂದು ಮಗ ಹೇಳಿದ್ದು ಕಿವಿಯಲ್ಲಿ ಕೂತುಬಿಟ್ಟಿತ್ತು. ಅದರಲ್ಲಿ ಮಕ್ಕಳಿದ್ದರೇ ಎಂದು ಕೇಳಲೂ ಆಕೆಗೆ ಧೈರ್ಯವಾಗಲಿಲ್ಲ.

ಭಾನುವಾರ ಮೇಸ್ತ್ರಿ ತನ್ನ ಸಾಮಾನಿನ ಪೆಟ್ಟಿಗೆ ತೆಗೆದು ಕಿಟಕಿಯ ಬಳಿ ಕೂತ. ಉಜ್ಜುಕಾಗದದ ಚೂರುಗಳು, ಬ್ರಷ್ಷುಗಳು, ತುದಿ ಸವೆದ ಕೆರೆಯುವ ಉಳಿ. ಬಲಗೈಯನ್ನು ಬೆಳಕಿಗೆ ಚಾಚಿ ನೋಡಿಕೊಂಡ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

“ಲೇ, ಇವಳೇ, ಬಾ ಇಲ್ಲಿ.”

ಆಕೆ ಬಂದು ನಿಂತಳು.

“ನಾನು ನೀರು ಹಾಕಿ ನೋಡಿದ್ದು ನಿಜ. ಹರಡಿತ್ತು ಅಂತ ನನ್ನ ನೆನಪು.” ತಡೆದು ತಡೆದು ಹೇಳಿದ. “ಈಗ ನನಗೇ ಅನುಮಾನ ಬಂದಿದೆ ಕಣೇ. ಹರಡಿತ್ತೋ, ಹರಡಿದ ಹಾಗೆ ಕಂಡಿತೋ. ಅವನು ಹೇಳೋದೇ ಸರಿಯಿರಬೇಕು. ಈ ಪೆಟ್ಟಿಗೆ ಅಂಗಳದಲ್ಲಿ ಯಾರಿಗಾದ್ರೂ ಕೊಟ್ಟುಬಿಡ್ತೀನಿ.”

ನಲವತ್ತು ವರ್ಷ ಸಂಸಾರ ಮಾಡಿದರೂ ತಾನು ತಪ್ಪಿರಬಹುದೆಂದು ಅವನು ಹೇಳಿದ್ದನ್ನು ಆಕೆ ಕೇಳಿರಲಿಲ್ಲ. ಮೊದಲ ಸಲ ಹೇಳಿದ, ಅದೂ ತಾನು ಮಾಡದ ತಪ್ಪಿಗೆ. ಆದರೂ ನಿಜ ಹೇಳದೆ ಆಕೆ ಅಡುಗೆಮನೆಗೆ ಹೋಗಿಬಿಟ್ಟಳು.

ಸೊಸೆಗೆ ಗೊತ್ತಾದದ್ದು ಟೇಬಲ್ಲಿನಿಂದ. ಬುಧವಾರ ಬೆಳಿಗ್ಗೆ ಅದರ ಮೇಲೆ ಕಾಫಿಯ ಉಂಗುರದ ಕಲೆಗಳು ಎಣಿಸಲಾರದಷ್ಟಿದ್ದವು. ತಟ್ಟೆಗಳು ಒರೆಸದೆ ತಮ್ಮಷ್ಟಕ್ಕೆ ಆರುತ್ತಿದ್ದವು. ಅತ್ತೆಯ ಹೆಗಲು ಖಾಲಿ.

“ಅತ್ತೆ, ಹುಷಾರಿಲ್ವಾ? ಟೇಬಲ್ ಒರೆಸಿ ಎಷ್ಟು ದಿನ ಆಯ್ತು?”

“ಒರೆಸೋದು ಅಂತ ಇನ್ನೊಂದ್ಸಲ ಅನ್ನಬೇಡ ಮಾರಾಯ್ತಿ!” ಎಂದವಳೇ ಆಕೆ ಕುರ್ಚಿಯಲ್ಲಿ ಕುಸಿದು ಎಲ್ಲ ಹೇಳಿಬಿಟ್ಟಳು. ಹಿಟ್ಟು, ಗಾಳಿ, ಬಟ್ಟೆ, ತಟ್ಟೆಯ ಮೇಲೆ ನಿಂತ ನೀರು.

ಸೊಸೆ ಗಾಯದ ಬೆರಳುಗಳನ್ನು ಮಡಿಸಿಕೊಂಡು ಕೇಳಿದಳು. ಒಂದು ಗಳಿಗೆ ಅವಳಿಗೂ ಸಿಟ್ಟು ಬಂತು. ಎಷ್ಟು ಸಲ ಆ ಕೊಳಕು ನೀರಿಗಿಳಿದಿದ್ದಳು!

“ಎಷ್ಟು ದಿನದಿಂದ ಗೊತ್ತು ನಿಮಗೆ?”

“ಒಂಬತ್ತು ದಿನ. ನೀನು ಹೇಳಬೇಡ, ನಿನ್ನ ಕಾಲು ಹಿಡೀತೀನಿ.”

“ನಾನು ಹೇಳಲ್ಲ. ನೀವೇ ಹೇಳ್ಬೇಕು. ನಾಳೆ ವ್ಯಾನು ಬರುತ್ತೆ ಅತ್ತೆ. ಅದು ಫ್ಯಾನು ಒಯ್ದಮೇಲೆ ನೀವು ಹೇಳಿದ್ರೂ ಒಂದೇ, ಬಿಟ್ರೂ ಒಂದೇ. ಮಾವ ಆಗ್ಲೇ ಪೆಟ್ಟಿಗೆ ಹಗ್ಗ ಹಾಕಿ ಕಟ್ಟಿದಾರೆ.”

ಗುರುವಾರ ದೋಣಿ ದಡದ ಮೇಲೆ ಆನಿಕೆಗಳ ನಡುವೆ ನಿಂತು ನೀರು ತೊಟ್ಟಿಕ್ಕಿಸುತ್ತಿತ್ತು. ಮಗ ಪ್ರೊಪೆಲರ್ ಬಿಚ್ಚಿ ಗೋಣಿಯ ಮೇಲಿಟ್ಟಿದ್ದ. ವ್ಯಾನಿನವನು ಹಿಂಬಾಗಿಲು ತೆರೆದು ನಿಂತಿದ್ದ. ಮೇಸ್ತ್ರಿ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ದೂರದಲ್ಲಿ ಒಂದು ಡ್ರಮ್ಮಿನ ಮೇಲೆ ಕೂತಿದ್ದ. ಅಷ್ಟರಲ್ಲಿ ಮನೆಯ ಚಪ್ಪಲಿಯಲ್ಲೇ ಏದುಸಿರು ಬಿಡುತ್ತ ಒರೆಸಮ್ಮ ಬಂದಳು. ಒಂದು ಕೈಯಲ್ಲಿ ನೀರಿನ ತಂಬಿಗೆ, ಒಂದು ಕೈಯಲ್ಲಿ ಆ ಬಟ್ಟೆ. ಕಂಕುಳಲ್ಲಿ ಎರಡು ಸ್ಟೀಲ್ ತಟ್ಟೆ.

“ಅಮ್ಮ, ಇಲ್ಲಿಗ್ಯಾಕೆ ಬಂದೆ? ಮೊಳೆಗಿಳೆ ತುಳಿದೀಯ.”

“ಸುಮ್ನೆ ನೋಡು.” ತಟ್ಟೆಗಳನ್ನು ನೆಲದ ಮೇಲಿಟ್ಟು, ಒಂದನ್ನು ಬಟ್ಟೆಯಿಂದ ಒರೆಸಿ, ಎರಡರ ಮೇಲೂ ನೀರು ಸುರಿದಳು. ಒಂದರ ಮೇಲೆ ನೀರು ಹರಡಿತು. ಇನ್ನೊಂದರ ಮೇಲೆ ಮುತ್ತಾಗಿ ಉರುಳಿತು. “ನಿಮ್ಮಪ್ಪನ ಕಣ್ಣಿಗೆ ಏನೂ ಆಗಿರಲಿಲ್ಲ. ಅವರು ಬ್ರಷ್ಷಿಗೆ ಹೋದಾಗ ಈ ಬಟ್ಟೆಯಲ್ಲಿ ಫ್ಯಾನು ಒರೆಸಿದ್ದು ನಾನು.”

ವ್ಯಾನಿನವನು ಬೇರೆ ಕಡೆ ನೋಡಿದ. ಮೇಸ್ತ್ರಿ ಡ್ರಮ್ಮಿನಿಂದ ಇಳಿದು ಬಂದ. ಮುಖ ಕೆಂಪಾಗಿತ್ತು.

“ಮುಟ್ಟಬೇಡ ಅಂತ ಹೇಳಿರ್ಲಿಲ್ವೇನೇ ನಾನು?”

“ಹೇಳಿದ್ರಿ.”

“ಮತ್ತೆ? ಮೂರು ವಾರ ನಾನು ಈ ಕೈ ನೋಡ್ಕೊಂಡು ಕೂತಿದ್ದೆ! ನನಗೆ ಕಣ್ಣು ಹೋಯ್ತು, ಕೈ ಹೋಯ್ತು ಅಂತ—”

“ಮುಟ್ಟಬೇಡ ಅಂದ್ರಿ. ಯಾಕೆ ಮುಟ್ಟಬಾರದು ಅಂತ ಒಂದು ದಿನ ಹೇಳಿದ್ರಾ?” ಆಕೆಯ ದನಿ ಅಂಗಳದ ಆಚೆ ತುದಿಗೂ ಕೇಳಿಸಿತು. “ಅಂಗಳಕ್ಕೆ ಬಂದ ಕೆಲಸದವರಿಗೆಲ್ಲ ನೀರು ಸುರಿದು ತೋರಿಸಿದ್ರಿ. ವರ್ಷಾ ವರ್ಷಾ ನನ್ನ ಟೇಬಲ್ ಮೇಲೆ ತಂದಿಟ್ರಿ. ನನಗೊಬ್ಬಳಿಗೆ ತೋರಿಸ್ಲಿಲ್ಲ. ನಿನಗೇನು ಗೊತ್ತು ಅಂದ್ರಿ. ಹೌದು, ಗೊತ್ತಿರಲಿಲ್ಲ! ಒಂಬತ್ತು ದಿನ ಬಾಯಿ ಮುಚ್ಕೊಂಡಿದ್ದು ನನ್ನ ತಪ್ಪು. ಒರೆಸಿದ್ದು ಮಾತ್ರ ನನ್ನದೊಬ್ಬಳದೇ ಅಲ್ಲ.”

ಸೊಸೆ ಗಂಡನ ಮುಖ ನೋಡಿದಳು. ಅವನು ನೆಲದ ಮೇಲಿನ ತಟ್ಟೆಗಳನ್ನೇ ನೋಡುತ್ತಿದ್ದ.

“ಅಪ್ಪನ ಕೈ ನಡುಗೋದು ಸುಳ್ಳಲ್ಲವಲ್ಲ ಅಮ್ಮ,” ಎಂದ ಕೊನೆಗೆ. ಮೆತ್ತಗೇ ಹೇಳಿದ, ಆದರೆ ಹೇಳಿದ. ವ್ಯಾನಿನವನತ್ತ ತಿರುಗಿ, “ಮೂರು ಗಂಟೆವರೆಗೆ ಕಾಯ್ತೀರಾ? ಮನೇಲಿ ತೊಳೆದು ನೀರು ಹಾಕ್ತಾರೆ. ನಾನೂ ನಿಂತು ನೋಡ್ತೀನಿ. ಸರಿ ಬಂದ್ರೆ ಅಪ್ಪನೇ ಹಚ್ಚಲಿ. ಸರಿ ಬರದಿದ್ರೆ ನೀವು ತಗೊಂಡು ಹೋಗಿ,” ಎಂದ.

ಪ್ರೊಪೆಲರ್ ಮತ್ತೆ ಅಡುಗೆಮನೆಗೆ ಬಂತು. ಒಲೆ ಆರಿಸಿದರು, ಕಿಟಕಿ ಮುಚ್ಚಿದರು. ಆ ದಿನದ ಊಟ ಬ್ರೆಡ್ಡು, ಬಾಳೆಹಣ್ಣು. ಮೇಸ್ತ್ರಿ ಮಧ್ಯಾಹ್ನದವರೆಗೆ ಉಜ್ಜಿದ. ಚಿಪ್ಪು ಕೂತಿದ್ದ ಕಡೆಯ ಬಿಳಿ ಉಂಗುರಗಳು ಹೋಗಿ ಲೋಹ ಹಳದಿಯಾಗಿ ಹೊಳೆಯಿತು. ಸ್ಪಿರಿಟ್ಟಿನಲ್ಲಿ ತೊಳೆದ. ಅವನ ಕೈ ನಡುಗುತ್ತಲೇ ಇತ್ತು, ಕೆಲಸ ನಿಲ್ಲಲಿಲ್ಲ. ಮಗ ಗೋಡೆಗೊರಗಿ ಕೈಕಟ್ಟಿ ನಿಂತಿದ್ದ. ಸೊಸೆ ಗಡಿಯಾರ ನೋಡಿದಳು, ಎರಡೂಮುಕ್ಕಾಲು.

ಮೇಸ್ತ್ರಿ ತಂಬಿಗೆಯಿಂದ ನೀರು ಸುರಿದ. ಬಗ್ಗಿ ಮೂರು ರೆಕ್ಕೆಗಳನ್ನೂ ನೋಡಿದ. “ಹರಡಿದೆ,” ಎಂದ. ಆಮೇಲೆ ಅದೇನು ತೋಚಿತೋ, ಹೆಂಡತಿಯ ಕಡೆ ತಿರುಗಿದ. “ಬಾ. ನೀನೂ ನೋಡು.”

ಆಕೆ ಬಂದು ಬಗ್ಗಿದಳು. ಮೊದಲ ರೆಕ್ಕೆ ಸರಿಯಾಗಿತ್ತು. ಎರಡನೆಯದೂ ಸರಿ. ಮೂರನೆಯದರ ಬುಡದಲ್ಲಿ, ರೆಕ್ಕೆ ನಡುಭಾಗಕ್ಕೆ ಸೇರುವ ಸಂದಿಯಲ್ಲಿ, ಸಾಸಿವೆಯಷ್ಟು ಸಣ್ಣ ಎರಡು ಹನಿ ಮುತ್ತಾಗಿ ನಿಂತಿದ್ದವು. ಅವನಿಗೆ ಅವು ಕಂಡಿರಲಿಲ್ಲ.

ಆಕೆ ತಲೆ ಎತ್ತದೆ ಹಾಗೇ ಬಗ್ಗಿದ್ದಳು. ಹೇಳಿದರೆ ಮಗನ ಮಾತು ನಿಜವಾಗುತ್ತದೆ, ಬೀದಿಯಲ್ಲಿ ವ್ಯಾನು ಕಾಯುತ್ತಿದೆ. ಹೇಳದಿದ್ದರೆ ಮತ್ತೆ ಬಂದರಿನ ಬಾಯಿ, ಮತ್ತೆ ಹನ್ನೊಂದು ಜನ. ಬೆನ್ನ ಹಿಂದೆ ಮಗ ಕಟ್ಟಿದ ಕೈ ಬಿಚ್ಚಿದ್ದು ಗೊತ್ತಾಯಿತು.

“ಹರಡಿಲ್ಲ ರೀ,” ಎಂದಳು. “ಇಲ್ಲಿ ಎರಡು ನಿಂತಿವೆ.”

“ಎಲ್ಲಿ?”

ಆಕೆ ಅವನ ತೋರುಬೆರಳು ಹಿಡಿದು ಆ ಸಂದಿಯ ಹತ್ತಿರ ಒಯ್ದು, ತಾಗುವ ಮುಂಚೆ ತಡೆದು ಹಿಡಿದಳು. “ಇಲ್ಲಿ. ಮುಟ್ಟಬೇಡಿ.”

ಮೇಸ್ತ್ರಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ಕಂಡಿತೋ ಇಲ್ಲವೋ, ಅವನು ಹೇಳಲಿಲ್ಲ. “ಹೂಂ,” ಎಂದ. “ಇನ್ನೊಂದು ಸಲ ತೊಳೀಬೇಕು.”

ಮಗ ಗೋಡೆ ಬಿಟ್ಟು ಮುಂದೆ ಬಂದ. ಎಲ್ಲರೂ ಅವನನ್ನೇ ನೋಡಿದರು. ಅವನು ಕಿಟಕಿಯ ಒಂದು ಬಾಗಿಲನ್ನು ಬೆರಳಗಲ ತೆರೆದು, ಹೊರಗಿದ್ದ ವ್ಯಾನಿನವನಿಗೆ ಹೋಗೆಂದು ಕೈ ಬೀಸಿ, ಮತ್ತೆ ಭದ್ರವಾಗಿ ಮುಚ್ಚಿದ. ಸ್ಪಿರಿಟ್ ಡಬ್ಬಿಯ ಮುಚ್ಚಳ ತಿರುಗಿಸಿ ಅಪ್ಪನ ಕೈಗೆ ಕೊಟ್ಟ.

“ನೀರು ನೋಡೋದು ಇನ್ಮೇಲೆ ಅಮ್ಮ,” ಎಂದ.

“ಮೊದಲು ಹೊಸ ಬಟ್ಟೆ ತಗೊಳ್ಳಿ,” ಎಂದಳು ಆಕೆ, ಸೆರಗಿನಿಂದ ಕಣ್ಣೊರೆಸಿಕೊಂಡು. “ಬೀರುವಿನಲ್ಲಿದೆ. ನನ್ನ ಹೆಗಲ ಮೇಲಿಂದ ಯಾರೂ ಏನೂ ತಗೋಬೇಡಿ.”